ಅವ್ವನ ಮಂಚದ ಬೆಣೆ

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಹಿಂದಿನ ಕೋಣೆಯಿಂದ ನಮ್ಮ ಅವ್ವನ ಮಂಚ ಹೊರಗೆ ಬಂತು. ತೇಗದ ಮಂಚ. ಆರಡಿ ಉದ್ದ, ನಾಲ್ಕಡಿ ಅಗಲ. ಒಂದು ಕಾಲು ಅಲುಗಾಡುತ್ತಿತ್ತು. ಯಾರೋ ಯಾವತ್ತೋ ಬಳಿದ ಹಸಿರು ಬಣ್ಣ ಹಕ್ಕಳಿಕೆ ಎದ್ದಿತ್ತು. ಗುಜರಿಯವನು ಬಂದ, ಕಾಲಿನಿಂದ ಒಮ್ಮೆ ತಳ್ಳಿ ನೋಡಿದ, 600 ರೂಪಾಯಿ ಅಂದ.

ಕೊಟ್ಟೇ ಬಿಡುತ್ತಿದ್ದೆ. ಅವತ್ತೇ ಕಿಟಕಿ ರಿಪೇರಿಗೆ ಅಂತ ನಮ್ಮ ಬಡಿಗೇರರು ಬಂದಿದ್ದರು. ಅವರು ಮಂಚದ ಕೆಳಗೆ ತಲೆ ತೂರಿಸಿದರು. ಸುತ್ತಿಗೆಯಿಂದ ಮೆಲ್ಲಗೆ ನಾಲ್ಕು ಏಟು ಹೊಡೆದರು. ಬೆರಳುದ್ದದ ಒಂದು ಮರದ ಬೆಣೆ ಅವರ ಅಂಗೈಗೆ ಬಿತ್ತು. "ಅಕ್ಕಾರ, ಇದರಾಗ ಒಂದ ಮೊಳಿನೂ ಇಲ್ಲ ನೋಡ್ರಿ. ಇದನ್ನ ಮಾಡಿದಾಂವ ಬಿಚ್ಚಾಕಂತನ ಮಾಡ್ಯಾನ" ಅಂದರು.

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಬಿಚ್ಚಲಿಕ್ಕೆ ಅಂತಲೇ ಮಾಡುವುದು! ಒಂದು ಪಟ್ಟಿಯ ತುದಿಯನ್ನು ನಾಲಿಗೆಯ ಹಾಗೆ ಕೆತ್ತಿ, ಕಾಲಿನ ತೂತಿನಲ್ಲಿ ಕೂರಿಸಿ, ಮೇಲೊಂದು ಬೆಣೆ ಹೊಡೆದಿದ್ದರು. ಅಷ್ಟೇ. ಬೆಣೆ ತೆಗೆದರೆ ಇಡೀ ಮಂಚ ಹತ್ತು ನಿಮಿಷದಲ್ಲಿ ಗೋಡೆಗೆ ಒರಗಿ ನಿಲ್ಲುವ ಏಳೆಂಟು ತುಂಡು. ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿದರೂ ಈ ಜೋಡಣೆ ತಡೆದುಕೊಳ್ಳುತ್ತದೆ. ಸಡಿಲಾದರೆ ಬೆಣೆ ಬದಲಿಸಿದರೆ ಮುಗೀತು. ನಮ್ಮ ಮಂಚದ ಕಾಲು ಅಲುಗಾಡುತ್ತಿದ್ದದ್ದೂ ಅದಕ್ಕೇ. ಮರಕ್ಕೆ ಏನೂ ಆಗಿರಲಿಲ್ಲ.

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿದವರು ನಿಮ್ಮಲ್ಲಿ ಇದ್ದೀರಿ ಅಲ್ವಾ? ಅದನ್ನು ಕಟ್ಟಿದವರು ವಿಜಯನಾಥ ಶೆಣೈ. ಜನ ಹಳೆ ಮನೆ ಕೆಡವಿ ಕಂಬ, ಬಾಗಿಲುಗಳನ್ನು ಮಾರುತ್ತಿದ್ದ ಕಾಲದಲ್ಲಿ ಅವರು ಆ ಮನೆಗಳನ್ನು ಬಿಚ್ಚಿಸಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಮುಧೋಳದ ಅರಮನೆಯ ದರ್ಬಾರ್ ಹಾಲ್ ಈಗ ಅಲ್ಲಿದೆ. ಎಲ್ಲಿಯ ಮುಧೋಳ, ಎಲ್ಲಿಯ ಮಣಿಪಾಲ! ಅದನ್ನು ನೋಡಿ ಬಂದಾಗ ಅವರ ಹಟಕ್ಕೆ ಬೆರಗಾಗಿದ್ದೆ. ಆದರೆ ಮರದ ಕಂಬ, ತೊಲೆಗಳು ಹೀಗೆ ಒಂದರೊಳಗೊಂದು ಕೂರುವಂಥವು ಆಗಿದ್ದರಿಂದಲೇ ಆ ಹಟ ಗೆದ್ದಿತು ಅನ್ನುವುದು ಈ ಬೆಣೆ ನೋಡುವ ತನಕ ನನಗೆ ಹೊಳೆದಿರಲಿಲ್ಲ.

ಇದಕ್ಕೆ ಉಲ್ಟಾ ಕಥೆಯೂ ನಮ್ಮ ಮನೆಯಲ್ಲೇ ಇದೆ. ಮಗಳು ಬೆಂಗಳೂರಿನಿಂದ ಮನೆ ಖಾಲಿ ಮಾಡಿ ಬರುವಾಗ ಒಂದು ಕಪಾಟು ತಂದಿದ್ದಳು. ನೋಡೋಕೆ ಚೆಂದ. ಒಳಗೆ ಮಾತ್ರ ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ. ಒಂದು ಸಲ ಬಿಚ್ಚಿ ಜೋಡಿಸುವಷ್ಟರಲ್ಲಿ ಸ್ಕ್ರೂ ಹಿಡಿಯುವುದು ಬಿಟ್ಟಿತ್ತು. ತೂತಿನಿಂದ ಹಿಟ್ಟು ಉದುರುತ್ತಿತ್ತು. ಕೆಳಗಿನ ಅಂಚು ನೀರು ಕುಡಿದು ಬ್ರೆಡ್ಡಿನ ಹಾಗೆ ಉಬ್ಬಿತ್ತು. ಅದರಿಂದ ಪುಸ್ತಕದ ಕಪಾಟು ಮಾಡೋಣ ಅಂತ ನಾನೂ ಒಂದು ವಾರ ಒದ್ದಾಡಿದೆ. ಕೊನೆಗೆ ಉಳಿದದ್ದು ಕನ್ನಡಿ, ನಾಲ್ಕು ಹಿಡಿಕೆ, ಎಂಟು ಬಿಜಾಗರಿ. ಉಳಿದದ್ದನ್ನು ಗುಜರಿಯವನೂ ಒಯ್ಯಲಿಲ್ಲ.

ಸರಿ, ಮಂಚಕ್ಕೆ ಬರೋಣ. ಬಡಿಗೇರರಿಗೆ ಮೊದಲು ನಾನು ಹೇಳಿದ್ದು, "ಪಡಸಾಲೆಯಲ್ಲಿ ಕೂರೋಕೆ ಏನಾದರೂ ಮಾಡಿ" ಅಂತ. ತಲೆಯ ಕಡೆಯ ಹಲಗೆ ಹೇಗೂ ನಾಲ್ಕಡಿ ಇತ್ತು, ಅದೇ ಬೆಂಚಿನ ಬೆನ್ನಾಯಿತು. ಕಾಲಿನ ಕಡೆಯದನ್ನು ತಗ್ಗಿಸಿದರು, ಅದು ಮುಂಭಾಗ. ಆರಡಿಯ ಎರಡು ಉದ್ದ ಪಟ್ಟಿಗಳಿಂದ ಒಂದೂವರೆ ಅಡಿಯಂತೆ ಕತ್ತರಿಸಿ ಎರಡು ಪಕ್ಕಕ್ಕೆ ಕೂರಿಸಿದರು. ಮಲಗುವ ಹಲಗೆಗಳೇ ಕೂರುವ ಹಲಗೆಗಳಾದವು. ಹೊಸ ಮರ ಒಂದಿಂಚೂ ಬೇಕಾಗಲಿಲ್ಲ.

ಕೇಳಲು ಸುಲಭ. ಕತ್ತರಿಸುವ ಮುಂಚಿನ ಕೆಲಸವೇ ಜಾಸ್ತಿ. ಮೂಲದಲ್ಲಿ ಮೊಳೆ ಇಲ್ಲದಿದ್ದರೂ ಆಮೇಲೆ ಸೊಳ್ಳೆ ಪರದೆ ಕಟ್ಟಲು ಯಾರಾದರೂ ಹೊಡೆದಿರುತ್ತಾರಲ್ಲ. ಅದಕ್ಕೆ ಒಂದು ಆಯಸ್ಕಾಂತವನ್ನು ಮರದ ಮೇಲೆಲ್ಲ ಆಡಿಸಿ ನೋಡಬೇಕು. ಬಣ್ಣದ ಕೆಳಗೆ ಅಡಗಿದ ಒಂದು ಮುರಿದ ಮೊಳೆ ಸಾಕು, ಗರಗಸದ ಹಲ್ಲು ಹೋಗುತ್ತದೆ. ಇನ್ನೊಂದು, ಹುಳು. ಹಳೆ ಮರದಲ್ಲಿ ಸೂಜಿಮೊನೆಯಂಥ ತೂತುಗಳಿದ್ದರೆ ಗಾಬರಿ ಬೇಡ, ಹುಳು ಎಂದೋ ಹೋಗಿರಬಹುದು. ಅದರ ಕೆಳಗೆ ಒಂದು ಬಿಳಿ ಕಾಗದ ಹಾಸಿ ಒಂದೆರಡು ವಾರ ಬಿಡಿ. ಹೊಸ ಪುಡಿ ಉದುರಿದರೆ ಒಳಗೆ ಜೀವ ಇದೆ ಅಂತ ಅರ್ಥ. ಅಂಥದ್ದನ್ನು ಔಷಧಿ ಹಾಕದೆ ಮನೆಯೊಳಗೆ ತರಬೇಡಿ, ಪಕ್ಕದ ಕುರ್ಚಿಗೂ ಹತ್ತುತ್ತದೆ. ತೇಗದ ನಡುಮರದಲ್ಲಿ ಎಣ್ಣೆ ಇರುವುದರಿಂದ ಗೆದ್ದಲು ಸುಲಭವಾಗಿ ಮುಟ್ಟುವುದಿಲ್ಲ. ಹೊರಗಿನ ಬಿಳಿ ಭಾಗಕ್ಕೆ ಆ ಶಕ್ತಿ ಇಲ್ಲ.

ಮೂರನೆಯದು ಬಣ್ಣ. ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಹಳೆ ಎಣ್ಣೆಬಣ್ಣದಲ್ಲಿ ಸೀಸ ಇರಬಹುದು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚಿನ ಬಣ್ಣವನ್ನು ಒಣಗಿದ್ದಾಗ ಗಸಗಸ ಉಜ್ಜಬೇಡಿ. ಆ ಧೂಳು ಮಕ್ಕಳಿಗೆ ತುಂಬಾ ಕೆಟ್ಟದ್ದು. ನೀರು ಚಿಮುಕಿಸಿ, ಒಳ್ಳೆಯ ಮಾಸ್ಕ್ ಹಾಕಿ, ಹೊರಗೆ ಕೂತು ಕೆರೆಯಿರಿ. ಬಿದ್ದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಕಟ್ಟಿಡಿ. ನಾನು ಮೊದಲ ದಿನ ಇದು ಗೊತ್ತಿಲ್ಲದೆ ಅಂಗಳದ ತುಂಬ ಹಸಿರು ಪುಡಿ ಹಾರಿಸಿದ್ದೆ. ಪಕ್ಕದ ಮನೆಯಾಕೆಯೇ ಬಂದು ಬೈದು ನಿಲ್ಲಿಸಿದರು, ಪುಣ್ಯಕ್ಕೆ.

ಬಣ್ಣ ಹೋದ ಮೇಲೆ ಸ್ಯಾಂಡ್ ಪೇಪರ್. ಮೊದಲು 80 ನಂಬರಿನದು, ಆಮೇಲೆ 120, ಕೊನೆಗೆ 220. ಮರದ ಎಳೆಯ ಗುಂಟ ಉಜ್ಜಬೇಕು, ಅಡ್ಡಕ್ಕೆ ಉಜ್ಜಿದರೆ ಗೀರು ಉಳಿಯುತ್ತದೆ. ಮೂರನೇ ದಿನ ಅವ್ವನ ಮಂಚದ ನಿಜವಾದ ಬಣ್ಣ ಕಾಣಿಸಿತು. ನಾನು ಹುಟ್ಟಿದಾಗಿನಿಂದ ಅದನ್ನು ಹಸಿರಾಗಿಯೇ ನೋಡಿದವಳು. ಜೇನಿನ ಬಣ್ಣದ ಗೆರೆಗಳು ಅದರಲ್ಲಿ ಇದ್ದವು ಅಂತ ಅವ್ವನಿಗಾದರೂ ಗೊತ್ತಿತ್ತೋ ಇಲ್ಲವೋ.

ಪಾಲಿಶ್‌ಗೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಿಂದ ತೆಳ್ಳಗೆ ಹಲವು ಸಲ ಹಚ್ಚಿದರು. ಚನ್ನಪಟ್ಟಣದ ಬೊಂಬೆಗಳಿಗೆ ಮಿರುಗು ಕೊಡುವುದೂ ಅರಗೇ. ಇದರ ಮೇಲೆ ಬಿಸಿ ಪಾತ್ರೆ ಇಟ್ಟರೆ ಬಿಳಿ ಕಲೆ ಬೀಳುತ್ತದೆ, ಅದೊಂದು ಕೊರತೆ. ಆದರೆ ಕಲೆ ಬಿದ್ದ ಕಡೆ ಮತ್ತೆ ಸ್ಪಿರಿಟ್ ತಾಗಿಸಿ ಸರಿಮಾಡಬಹುದು. ಗಾಜಿನ ಹಾಗೆ ಹೊಳೆಯುವ ಈಗಿನ ಪಾಲಿಶ್‌ಗಳಲ್ಲಿ ಆ ಅನುಕೂಲ ಇಲ್ಲ.

ಇದೆಲ್ಲ ಅಗ್ಗಕ್ಕೆ ಆಯಿತಾ ಅಂತ ಕೇಳಿದರೆ, ಇಲ್ಲ. ನಾಲ್ಕು ದಿನದ ಕೂಲಿ, ಪಾಲಿಶ್, ಎಲ್ಲ ಸೇರಿಸಿದರೆ ಅಂಗಡಿಯಲ್ಲಿ ಒಂದು ಬೆಂಚು ಬರುತ್ತಿತ್ತು. ಒತ್ತಿದ ಪುಡಿಯ ಬೆಂಚು.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಮಂಚ ಚೆನ್ನಾಗಿ ಬಂತಲ್ಲ, ಹುರುಪು ಏರಿತು. ಅಟ್ಟದಲ್ಲಿದ್ದ ತಾಮ್ರದ ಕೊಡವನ್ನು ಇಳಿಸಿ, ಸುತ್ತ ತೂತು ಕೊರೆಸಿ, ಒಳಗೆ ಬಲ್ಬ್ ಇಟ್ಟು ದೀಪ ಮಾಡಿಸಿದೆ. ಗೋಡೆಯ ಮೇಲೆಲ್ಲ ಚುಕ್ಕಿ ಚುಕ್ಕಿ ಬೆಳಕು. ಬಂದವರೆಲ್ಲ ಹೊಗಳಿದರು. ಒಂದು ದಿನ ನಮ್ಮ ಅತ್ತೆ ನೋಡಿ, "ಇನ್ನ ಇದರಾಗ ನೀರ ನಿಲ್ಲೂದಿಲ್ಲಲ್ಲವಾ" ಅಂದರು. ಅಷ್ಟೇ ಅಂದದ್ದು. ಕೊಡಕ್ಕೆ ಏನೂ ಆಗಿರಲಿಲ್ಲ. ಇನ್ನೂ ಒಂದು ತಲೆಮಾರು ನೀರು ತುಂಬಬಹುದಿತ್ತು. ಮಂಚದ ಬೆಣೆಯನ್ನು ಮತ್ತೆ ಹೊಡೆಯಬಹುದು, ಕೊಡದ ತೂತನ್ನು ಏನು ಮಾಡುವುದು? ಈಗ ಆ ದೀಪ ಹಚ್ಚುವುದು ಕಡಿಮೆ.

ಬೆಂಚಿನ ಮೇಲೆ ಹಾಸಿರುವುದು ಕೌದಿ. ಅದರ ಬಗ್ಗೆ ಹೇಳದಿದ್ದರೆ ನಮ್ಮ ಕಡೆಯವರು ಸಿಟ್ಟಾಗುತ್ತಾರೆ. ಹಳೆ ನೂಲಿನ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಬೆರಳಂತರದಲ್ಲಿ ದಾರ ಓಡಿಸಿ ಹೊಲಿಯುವುದು. ತೊಟ್ಟು ತೊಟ್ಟು ಮೆತ್ತಗಾದ ನೂಲಿನ ಬಟ್ಟೆಯೇ ಆಗಬೇಕು. ಪಾಲಿಸ್ಟರ್ ಸೀರೆ ಹಾಕಿದರೆ ಪದರ ಜಾರುತ್ತದೆ, ಬೆವರು ಹೀರುವುದಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ರೀತಿಯೇ ಬೇರೆ. ಅಂಚಿನಿಂದ ಶುರುಮಾಡಿ, ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮೂರು ಮೂಲೆಯ ಹೂ ಇಡುತ್ತಾರೆ. ಹೂ ಇಲ್ಲದಿದ್ದರೆ ಕೌದಿ ಬರಿಮೈಯಲ್ಲಿ ಇದ್ದ ಹಾಗೆ ಅನ್ನುತ್ತಾರಂತೆ. ನನ್ನ ಕೌದಿಗೆ ಆ ಹೂ ಇಲ್ಲ. ಒಂದು ಕಡೆ ಅವ್ವನ ಇಳಕಲ್ ಸೀರೆಯ ಅಂಚು ಇದೆ. ದಾರ ಬಿಚ್ಚಿದರೆ ಆ ಅಂಚು ಹಾಗೇ ಕೈಗೆ ಬರುತ್ತದೆ.

ಮಂಚದ ಉದ್ದ ಪಟ್ಟಿಗಳಲ್ಲಿ ನಾಲ್ಕೂವರೆ ಅಡಿಯ ಎರಡು ತುಂಡು ಉಳಿದಿದ್ದವು. ಒಂದು ಬಾಗಿಲ ಹಿಂದೆ ಕೊಡೆ, ಚೀಲ ತೂಗುಹಾಕುವ ಗೂಟದ ಹಲಗೆ ಆಗಿದೆ. ಮಗಳ ಕಪಾಟಿನ ಹಿಡಿಕೆಗಳೇ ಅದರ ಗೂಟ. ಇನ್ನೊಂದನ್ನು ಉಯ್ಯಾಲೆ ಮಾಡಿಕೊಡು ಅಂತ ಮೊಮ್ಮಗಳು ದಿನಾ ಪೀಡಿಸುತ್ತಾಳೆ. ಆರಿಂಚು ಅಗಲ, ಕೂರೋಕೆ ಸಾಲದು. ನಡುವೆ ಕತ್ತರಿಸಿ ಎರಡನ್ನೂ ಪಕ್ಕಪಕ್ಕ ಜೋಡಿಸಬಹುದು ಅಂತಾರೆ ಬಡಿಗೇರರು. ಕೇಳಿದೆ, ಮೊಳೆ ಹೊಡೀತೀರಾ ಅಂತ. "ಛೇ ಛೇ, ಬೆಣಿ ಹಾಕೂನ್ರಿ" ಅಂದರು. ಬರುವ ಭಾನುವಾರ ಬರುತ್ತಾರೆ.

ನಮಸ್ಕಾರ.