ಕುಸಿದು ಮೇಲೇಳುವ ವಿಶ್ವಕಿರಣ

ಕೇಳುಗರೆಲ್ಲರಿಗೂ ನಮಸ್ಕಾರ.

2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪೇರಿತ್ತು. ಮರುದಿನ ಆ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡಿದವು. ನಮ್ಮ ವಿಜಯಪುರಕ್ಕೆ ಆ ಭಾಗ್ಯವಿಲ್ಲ. ನಾವಿರುವುದು ಹದಿನೇಳನೆಯ ಅಕ್ಷಾಂಶದ ಆಸುಪಾಸಿನಲ್ಲಿ. ಆಕಾಶವನ್ನು ಹಾಗೆ ಬೆಳಗಿಸುವ ಧ್ರುವಪ್ರಭೆಯನ್ನು, ಅಂದರೆ ಅರೋರಾವನ್ನು, ಇಲ್ಲಿ ನಿರೀಕ್ಷಿಸುವಂತಿಲ್ಲ. ಆದರೆ ಅದೇ ಹೊತ್ತಿಗೆ ಕಣ್ಣಿಗೆ ಬೀಳದ ಇನ್ನೊಂದು ಸಂಗತಿಯೂ ನಡೆಯುತ್ತಿತ್ತು. ದೂರದ ಬಾಹ್ಯಾಕಾಶದಿಂದ ಭೂಮಿಗೆ ಸುರಿಯುವ ವಿಶ್ವಕಿರಣಗಳು, ಅಂದರೆ ಕಾಸ್ಮಿಕ್ ಕಿರಣಗಳು, ಕೆಲವೇ ಗಂಟೆಗಳಲ್ಲಿ ತಗ್ಗಿಹೋದವು. ಧ್ರುವಗಳತ್ತ ಇರುವ ಕೆಲವು ಎಣಿಕೆ ಕೇಂದ್ರಗಳಲ್ಲಿ ಕುಸಿತ ಶೇಕಡಾ 10ನ್ನು ದಾಟಿತು. ಮತ್ತೆ ಹಳೆಯ ಮಟ್ಟಕ್ಕೆ ಏರಲು ಮಾತ್ರ ದಿನಗಳೇ ಹಿಡಿದವು.

ಬೀಳುವುದು ಗಂಟೆಗಳಲ್ಲಿ, ಏಳುವುದು ದಿನಗಳಲ್ಲಿ. ಈ ವ್ಯತ್ಯಾಸ ಏಕೆ ಎಂಬುದೇ ಇಂದಿನ ನನ್ನ ಮಾತು.

ವಿಶ್ವಕಿರಣಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಪ್ರೋಟಾನ್‌ಗಳು. ಅವು ವಾತಾವರಣದ ಮೇಲ್ಪದರಕ್ಕೆ ಅಪ್ಪಳಿಸಿ ಹೊಸ ಕಣಗಳನ್ನು ಹುಟ್ಟಿಸುತ್ತವೆ. ನೆಲಕ್ಕೆ ತಲುಪುವ ಮುಖ್ಯ ಕಣ ಮ್ಯೂಯಾನ್. ಸಮುದ್ರ ಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು. ಅಂಗೈ ಚಾಚಿದರೆ ನಿಮಿಷಕ್ಕೆ ನೂರರ ಸುಮಾರು ತೂರಿ ಹೋಗುತ್ತವೆ. ಗೋಳಗುಮ್ಮಟದೊಳಗೆ ನಿಂತರೂ ಇವುಗಳಿಂದ ಬಿಡುಗಡೆಯಿಲ್ಲ. ಆ ಗುಮ್ಮಟವನ್ನೇ ತೂರಿ ಬರುವ ಬಲ ಇವುಗಳಲ್ಲಿ ಬಹಳಷ್ಟಕ್ಕೆ ಇದೆ.

ಈ ಕುಸಿತವನ್ನು 1937ರಲ್ಲಿ ಗುರುತಿಸಿದವರು ಅಮೆರಿಕದ ಸ್ಕಾಟ್ ಫೋರ್‌ಬುಷ್. ಆ ವರ್ಷದ ಏಪ್ರಿಲ್‌ನಲ್ಲಿ ಎದ್ದ ಕಾಂತೀಯ ಬಿರುಗಾಳಿಯ, ಅಂದರೆ ಭೂಮಿಯ ಕಾಂತಕ್ಷೇತ್ರ ಅಲ್ಲೋಲಕಲ್ಲೋಲವಾದ, ಹೊತ್ತಿಗೆ ಅಮೆರಿಕದ ಚೆಲ್ಟನ್‌ಹ್ಯಾಮ್‌ನಲ್ಲೂ ಸಾವಿರಾರು ಕಿಲೋಮೀಟರ್ ದೂರದ ಪೆರುವಿನ ಹುವಾಂಕಾಯೊದಲ್ಲೂ ಉಪಕರಣಗಳು ಒಟ್ಟಿಗೇ ಇಳಿಕೆ ತೋರಿಸಿದವು. ಒಂದೂರಿನ ಹವೆಯ ಚೇಷ್ಟೆ ಇದಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು. ಹಾಗಾದರೆ ಕಾರಣ ಭೂಮಿಯ ಕಾಂತಕ್ಷೇತ್ರವೋ, ಅದರಾಚೆಯ ಇನ್ನೇನೋ? ಉತ್ತರಕ್ಕೆ 1960ರವರೆಗೆ ಕಾಯಬೇಕಾಯಿತು. ಆ ವರ್ಷ ಪಯೊನೀರ್ 5 ನೌಕೆ ಭೂಮಿಯ ಕಾಂತಕ್ಷೇತ್ರದಿಂದ ಬಹುದೂರ ಸಾಗಿದ್ದಾಗ ಅಲ್ಲಿಯೂ ಅದೇ ಕುಸಿತವನ್ನು ಕಂಡಿತು. ಭೂಮಿ ನಿರಪರಾಧಿ, ತಂಟೆ ಸೂರ್ಯನದು.

ಸೂರ್ಯ ಆಗಾಗ ಪ್ಲಾಸ್ಮಾದ, ಅಂದರೆ ವಿದ್ಯುದಾವೇಶವುಳ್ಳ ಬಿಸಿ ಅನಿಲದ, ಭಾರಿ ಮೋಡವನ್ನು ಹೊರಗೆಸೆಯುತ್ತಾನೆ. ಒಂದರಿಂದ ಮೂರು ನಾಲ್ಕು ದಿನಗಳಲ್ಲಿ ಅದು ನಮ್ಮನ್ನು ಮುಟ್ಟುತ್ತದೆ. ಮೋಡದ ಜೊತೆ ಬಿಗಿಯಾದ ಕಾಂತಕ್ಷೇತ್ರವೂ ಬರುತ್ತದೆ, ವೇಗ ಹೆಚ್ಚಿದ್ದರೆ ಮುಂದೊಂದು ಆಘಾತ ತರಂಗವೂ ಇರುತ್ತದೆ. ವಿಶ್ವಕಿರಣಗಳ ದಾರಿಗೆ ಅಡ್ಡ ನಿಲ್ಲುವುದು ಇವೇ. ಸಿಂದಗಿ ರಸ್ತೆಯಲ್ಲಿ ಕುರಿಹಿಂಡು ಅಡ್ಡ ಬಂದದ್ದನ್ನು ನೆನೆಯಿರಿ. ಹಿಂಡಿನ ಮುಂಭಾಗ ರಸ್ತೆಗಿಳಿದ ಕೂಡಲೇ ವಾಹನಗಳು ಗಕ್ಕನೆ ನಿಲ್ಲುತ್ತವೆ. ಆದರೆ ಮತ್ತೆ ಹೊರಡುವುದು ಒಮ್ಮೆಲೇ ಅಲ್ಲ. ಹಿಂಡಿನ ಬಾಲ ತೆಳುವಾದಂತೆ ಮೊದಲು ಒಂದು ಬೈಕ್ ನುಸುಳುತ್ತದೆ, ಆಮೇಲೆ ಆಟೊ, ಕೊನೆಗೆ ಲಾರಿ. ಸೌರಮೋಡವೂ ಹೀಗೆಯೇ. ಮುಂಭಾಗ ಚೂಪು, ಹಿಂಭಾಗ ಸಡಿಲ. ಭೂಮಿಯನ್ನು ದಾಟಿ ಹೋದ ಮೇಲೂ ಅದು ಹಿಗ್ಗುತ್ತ, ದುರ್ಬಲವಾಗುತ್ತ ಸಾಗುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಕಣಗಳು ಸುತ್ತಲಿಂದ ಮೆಲ್ಲಗೆ ಸೋಸಿ ಬಂದು ತುಂಬುತ್ತವೆ. ನಕ್ಷತ್ರಲೋಕದ ಪೂರೈಕೆ ಒಂದು ಕ್ಷಣವೂ ನಿಂತಿರುವುದಿಲ್ಲ, ದಾರಿಯಲ್ಲಿ ಅಡ್ಡಿ ಬಂದಿರುತ್ತದೆ, ಅಷ್ಟೆ.

ಎಣಿಕೆಯ ಏರಿಳಿತವನ್ನು ತೋರಿಸುವ ಗೆರೆ ಯಾವಾಗಲೂ ಇಷ್ಟು ನೀಟಾಗಿ ಮೂಡುವುದಿಲ್ಲ. 2024ರಲ್ಲಿ ಹಾನ್ಲೆಯ ಆಕಾಶವನ್ನು ಕೆಂಪೇರಿಸಿದ ಕಾಂತೀಯ ಬಿರುಗಾಳಿಯ ನಡುವೆ, ಮೇ 11ರಂದು, ಸೂರ್ಯ ತನ್ನದೇ ವೇಗದ ಕಣಗಳನ್ನೂ ಎಸೆದ. ಧ್ರುವಗಳತ್ತಣ ಕೇಂದ್ರಗಳಲ್ಲಿ ಕುಸಿದಿದ್ದ ಎಣಿಕೆ ಅಷ್ಟು ಹೊತ್ತು ಮೇಲಕ್ಕೆ ಜಿಗಿಯಿತು. ಊಟಿಯಲ್ಲಿರುವ ಗ್ರೇಪ್ಸ್-3 ಮ್ಯೂಯಾನ್ ದೂರದರ್ಶಕದ ಕಥೆ ಇನ್ನೂ ಸ್ವಾರಸ್ಯದ್ದು. 2015ರ ಜೂನ್ 22ರಂದು ಅಲ್ಲಿ ಸುಮಾರು ಎರಡು ಗಂಟೆ ಕಾಲ ಮ್ಯೂಯಾನ್‌ಗಳು ಹೆಚ್ಚಾದವು. ಸೌರಮೋಡದ ಹೊಡೆತಕ್ಕೆ ಭೂಮಿಯ ಕಾಂತಕವಚ ತಾತ್ಕಾಲಿಕವಾಗಿ ದುರ್ಬಲವಾಯಿತು ಎಂಬುದು ಅಲ್ಲಿನ ವಿಜ್ಞಾನಿಗಳ ವಿವರಣೆ. ಒಂದೇ ಜಾತಿಯ ಮೋಡ ಒಮ್ಮೆ ಬಾಗಿಲು ಮುಚ್ಚುತ್ತದೆ, ಒಮ್ಮೆ ಕಿಂಡಿ ತೆರೆಯುತ್ತದೆ!

ಈ ಕುಸಿತವನ್ನು ನಮ್ಮ ಜಿಲ್ಲೆಯ ಕಾಲೇಜೊಂದರಲ್ಲಿ ನೋಡಲಾದೀತೇ? ಆದೀತು, ತಾಳ್ಮೆ ಬೇಕು. ದಕ್ಷಿಣ ಭಾರತದ ಮೇಲೆ ಭೂಮಿಯ ಕಾಂತಕ್ಷೇತ್ರವೇ ಕಡಿಮೆ ಶಕ್ತಿಯ ಕಣಗಳನ್ನು ಮೊದಲೇ ಹಿಂದಕ್ಕಟ್ಟಿರುತ್ತದೆ. ಇಲ್ಲಿಗೆ ಬರುವವು ಗಟ್ಟಿಗ ಕಣಗಳು. ಸೌರಮೋಡಕ್ಕೂ ಅವು ಅಷ್ಟಾಗಿ ಬಗ್ಗುವುದಿಲ್ಲ. ಆದ್ದರಿಂದ ನಮ್ಮಲ್ಲಿ ಕುಸಿತ ಸಣ್ಣದು. ಅಂಗೈಯಷ್ಟು ಅಗಲದ ಉಪಕರಣ ನಿಮಿಷಕ್ಕೆ ನೂರು ಕಣ ಎಣಿಸಿದರೆ, ಆ ನೂರು ತನ್ನಷ್ಟಕ್ಕೆ ಹತ್ತರಷ್ಟು ಆಚೀಚೆ ತೂಗಾಡುತ್ತದೆ. ಗಂಟೆಗೆ ಆರು ಸಾವಿರವಾದಾಗ ಈ ತೂಗಾಟ ಶೇಕಡಾ ಒಂದೂಕಾಲಿನ ಆಸುಪಾಸಿಗೆ ಇಳಿಯುತ್ತದೆ. ಇಡೀ ದಿನದ ಎಣಿಕೆ 1,44,000. ಅಲ್ಲಿ ತೂಗಾಟ ಕಾಲು ಶೇಕಡಾ. ಎರಡು ಶೇಕಡಾ ಇಳಿಕೆಯನ್ನು ಒಂದು ನಿಮಿಷದ ಎಣಿಕೆಯಲ್ಲಿ ಹುಡುಕುವವನು ಕತ್ತಲಲ್ಲಿ ತಡಕಾಡುತ್ತಾನೆ, ದಿನದ ಲೆಕ್ಕ ಇಟ್ಟವನಿಗೆ ಅದು ಎದ್ದು ಕಾಣುತ್ತದೆ.

ಪಕ್ಕದಲ್ಲೊಂದು ವಾಯುಭಾರಮಾಪಕವೂ ಇರಲಿ. ಗಾಳಿಯ ಒತ್ತಡ ಏರಿದರೆ ಮ್ಯೂಯಾನ್‌ಗಳು ಕಡಿಮೆಯಾಗುತ್ತವೆ. ನಮ್ಮ ಉಷ್ಣವಲಯದಲ್ಲಿ ಒತ್ತಡ ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕರ ಹೊತ್ತಿಗೆ ಇಳಿಯುತ್ತದೆ. ಇದನ್ನು ಕಳೆಯದಿದ್ದರೆ ದಿನಕ್ಕೊಂದು ಸುಳ್ಳು ಕುಸಿತ ಸಿಗುತ್ತದೆ.

ಇನ್ನೊಂದು ಮಾತು. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನ ಕಡೆಗೆ ನಮ್ಮ ಆದಿತ್ಯ-ಎಲ್1 ನೌಕೆ ಇದೆ. ಮೋಡ ಅದನ್ನು ದಾಟಿದ ಮೇಲೆ ಇಲ್ಲಿಗೆ ಮುಟ್ಟಲು ಸಾಮಾನ್ಯವಾಗಿ ಒಂದು ಗಂಟೆಯೂ ಬೇಕಿಲ್ಲ. ಹೀಗಾಗಿ ಬಿರುಗಾಳಿಯ ಸುದ್ದಿ ಕೇಳಿ ಉಪಕರಣ ಹೊರತೆಗೆದು ಪ್ರಯೋಜನವಿಲ್ಲ. ಎಷ್ಟು ಇಳಿಯಿತು ಎಂದು ಹೇಳಲು ಮೊದಲು ಎಷ್ಟಿತ್ತು ಎಂಬುದು ಗೊತ್ತಿರಬೇಕು. ಅದಕ್ಕೆ ಸೂರ್ಯ ಸುಮ್ಮನಿದ್ದ ವಾರಗಳ ಎಣಿಕೆಯೂ ಪುಸ್ತಕದಲ್ಲಿ ಇರಬೇಕು.

ನಮಸ್ಕಾರ.