ಎಸರಲ್ಲಿ ಏನಿದೆ ಕೇಳಿ

ಅಧ್ಯಕ್ಷರೇ, ಗೆಳೆಯರೇ, ಎಲ್ಲರಿಗೂ ನಮಸ್ಕಾರ.

ವಿಶ್ವ ವೀಗನ್ ದಿನದ ಸಭೆಗೆ ಕರೆದವರು ಸಾಮಾನ್ಯವಾಗಿ "ಯಾಕೆ ವೀಗನ್ ಆಗಬೇಕು, ಸ್ವಲ್ಪ ಹೇಳಿ" ಅನ್ನುತ್ತಾರೆ. ಈ ಸಭೆಗೆ ಅದನ್ನು ಹೇಳುವ ಅಗತ್ಯ ಇಲ್ಲ. ಹಾಲು, ಮೊಟ್ಟೆ, ಮೀನು, ಮಾಂಸ ಎಲ್ಲ ಬಿಟ್ಟು ವರ್ಷಗಳಾದವರೇ ಇಲ್ಲಿ ಜಾಸ್ತಿ. ನಿಮ್ಮ ತಲೆನೋವು ಬೇರೆ. ಟಿಕೆಟ್ ಆಗಿದೆ, ವೀಸಾ ಬಂದಿದೆ, ಮನೆಯವರು ಮಾತ್ರ ಬಿಡ್ತಾ ಇಲ್ಲ: "ಅಲ್ಲಿ ಹೋಗಿ ಏನು ತಿಂತೀಯಾ?" ನಾನು ಬಂದಿರುವುದು ಆ ಪ್ರಶ್ನೆಗಾಗಿ.

ಮೊದಲು ಎಲ್ಲರೂ ಮಾಡುವುದು ಫೋನ್ ತೆಗೆದು ಹ್ಯಾಪಿಕೌ ನೋಡುವುದು. ವೀಗನ್, ಸಸ್ಯಾಹಾರಿ ಊಟ ಎಲ್ಲಿ ಸಿಗುತ್ತದೆ ಅಂತ ತೋರಿಸುವ, 1999ರಿಂದ ಇರುವ ಪಟ್ಟಿ ಅದು. ನಾನೂ ನೋಡುತ್ತೇನೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಬರ್ಲಿನ್ನಿಗೋ ಲಂಡನ್ನಿಗೋ ಹೋದರೆ ಅದೊಂದೇ ಸಾಕು. ಆದರೆ ಬಸ್ಸು ಇಳಿದ ಊರಿನಲ್ಲಿ ನಕ್ಷೆ ಪೂರ್ತಿ ಖಾಲಿ ಇದ್ದರೆ? ಆಗ ನಮ್ಮವರು ಬಾಳೆಹಣ್ಣು ತಿನ್ನುತ್ತಾರೆ. ಮಾರನೇ ದಿನ ಬ್ರೆಡ್ಡು. ಅದರ ಮಾರನೇ ದಿನ ಆಲೂಗಡ್ಡೆ ಫ್ರೈ. ವಾಪಸ್ ಬಂದು "ಆ ದೇಶದಲ್ಲಿ ನಮಗೆ ಏನೂ ಸಿಗಲ್ಲಪ್ಪ" ಅಂತ ಹತ್ತು ಜನಕ್ಕೆ ಹೇಳುತ್ತಾರೆ. ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ.

ಯಾಕೆಂದರೆ ವೀಗನ್ ಸೊಸೈಟಿ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಪ್ರಾಣಿಯ ಪದಾರ್ಥ ಮುಟ್ಟದ ಅಡುಗೆ ಅದಕ್ಕೂ ನೂರಾರು ವರ್ಷ ಹಿಂದಿನದು. ಕೆಲವು ಕಡೆ ವ್ರತಕ್ಕಾಗಿ ಬಂತು, ಕೆಲವು ಕಡೆ ಬಡತನಕ್ಕೆ ಬಂತು. ಹೀಗಾಗಿ ಪರದೇಶದಲ್ಲಿ ನಾನು ವೀಗನ್ ಹೋಟೆಲನ್ನೇ ಹುಡುಕಿಕೊಂಡು ಅಲೆಯುವುದಿಲ್ಲ. ಆ ಊರಿನ ವ್ರತದ ಅಡುಗೆ ಯಾವುದು, ಬಡವರ ಅಡುಗೆ ಯಾವುದು ಅಂತ ವಿಚಾರಿಸುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಇದನ್ನು ನಾನು ಎಲ್ಲ ಸಭೆಯಲ್ಲೂ ಹೇಳುತ್ತೇನೆ, ಮೊದಲೇ ಕೇಳಿದವರು ಸಹಿಸಿಕೊಳ್ಳಿ. ತಟ್ಟೆಯಲ್ಲಿ ಏನಿದೆ ಅಂತ ಕೇಳಬೇಡಿ. ಎಸರಲ್ಲಿ ಏನಿದೆ ಅಂತ ಕೇಳಿ. ತಟ್ಟೆಯಲ್ಲಿ ಏನಿದೆ ಅನ್ನೋದು ನಿಮ್ಮ ಕಣ್ಣಿಗೇ ಕಾಣುತ್ತದೆ. ಕೋಳಿ ತುಂಡು ಇದ್ದರೆ ಗೊತ್ತಾಗುತ್ತದೆ, ಮೊಟ್ಟೆ ಇದ್ದರೆ ಗೊತ್ತಾಗುತ್ತದೆ. ನಮಗೆ ಕೈ ಕೊಡುವುದು ಕಾಣದೇ ಇರುವುದು. ಬೇಯಿಸಿದ ನೀರು, ಹುರಿದ ಕೊಬ್ಬು.

ಜಪಾನನ್ನೇ ತಗೊಳ್ಳಿ. ಮುಂದೆ ಬಂದ ಬಟ್ಟಲಲ್ಲಿ ದಪ್ಪ ಉದೋನ್ ನೂಡಲ್ಸು, ಮೇಲೆ ಹೆಚ್ಚಿದ ಈರುಳ್ಳಿ ಎಲೆ, ಒಂದು ತುಂಡು ಹುರಿದ ತೋಫು. ಇಷ್ಟೇ. ನೋಡಿದರೆ ಎಷ್ಟು ಸಾಧು! ಆದರೆ ಆ ತಿಳಿ ಕಂದು ನೀರು ಇದೆಯಲ್ಲ, ಅದು ದಾಶಿ. ಬೋನಿಟೊ ಅನ್ನೋ ಮೀನನ್ನು ಬೇಯಿಸಿ, ಹೊಗೆಗಿಟ್ಟು, ಕಟ್ಟಿಗೆಯ ಹಾಗೆ ಗಟ್ಟಿಯಾಗುವ ತನಕ ಒಣಗಿಸುತ್ತಾರೆ. ಆಮೇಲೆ ಅದನ್ನು ತೆಳ್ಳಗೆ ಹೆರೆದು ಬಿಸಿ ನೀರಿಗೆ ಹಾಕಿ ಸೋಸುತ್ತಾರೆ. ಮೀನು ಸೋಸಿಹೋಯಿತು, ರುಚಿ ಉಳಿಯಿತು. ಮೀನು ಇದೆಯಾ ಅಂತ ಕೇಳಿದರೆ ಬಡಿಸುವವನು ಬಟ್ಟಲು ನೋಡಿ ಇಲ್ಲ ಅನ್ನಬಹುದು. ಅವನದು ಸುಳ್ಳಲ್ಲ, ಬಟ್ಟಲಲ್ಲಿ ಮೀನಿನ ತುಂಡು ಇಲ್ಲ. ಮೀಸೋ ಸೂಪಿಗೂ ಸಾಮಾನ್ಯವಾಗಿ ಅದೇ ನೀರು. ಬರೀ ತರಕಾರಿ ಪಲ್ಯಕ್ಕೂ ಎಷ್ಟೋ ಸಲ ಅದೇ ನೀರು.

ಅದೇ ಜಪಾನಿನಲ್ಲಿ ಬೌದ್ಧ ಮಠಗಳ ಅಡುಗೆ ಒಂದಿದೆ, ಶೋಜಿನ್ ರ್‍ಯೋರಿ. ಅಲ್ಲಿ ದಾಶಿಗೆ ಕೊಂಬು ಅನ್ನೋ ಕಡಲ ಪಾಚಿ, ಒಣಗಿಸಿದ ಶಿತಾಕೆ ಅಣಬೆ. ಕೋಯಾಸಾನ್ ಬೆಟ್ಟದ ಮಠಗಳಲ್ಲಿ ಯಾತ್ರಿಕರಿಗೆ ರೂಮು ಕೊಡುತ್ತಾರೆ, ರಾತ್ರಿ, ಬೆಳಿಗ್ಗೆ ಇದೇ ಊಟ. ದೇಶ ಅದೇ, ಎಸರು ಬೇರೆ, ಅಷ್ಟೇ.

ಕೊರಿಯಾದ ಕಿಮ್ಚಿಗೆ, ಅಂದರೆ ಹುಳಿ ಬರಿಸಿದ ತರಕಾರಿಗೆ, ಎಷ್ಟೋ ಮನೆಯಲ್ಲಿ ಹುದುಗಿಸಿದ ಸಿಗಡಿ ಅಥವಾ ಆಂಚೊವಿ ಮೀನಿನ ರಸ ಬೀಳುತ್ತದೆ. ಅಲ್ಲಿನ ಮಠಗಳ ಕಿಮ್ಚಿಗೆ ಇಲ್ಲ. ಮೆಕ್ಸಿಕೋದಲ್ಲಿ ನುರಿದ ಬೀನ್ಸ್ ಕಾಳಿಗೆ ಹಂದಿ ಕೊಬ್ಬು, ಅನ್ನಕ್ಕೆ ಕೋಳಿ ಬೇಯಿಸಿದ ನೀರು, ಇದು ತುಂಬಾ ಸಾಮಾನ್ಯ. ಥಾಯ್ಲೆಂಡಿನಲ್ಲಿ ಕಣ್ಣೆದುರೇ ಸೊಪ್ಪು ಬಾಡಿಸಿ ಕೊಡುತ್ತಾರೆ. ಆದರೆ ಬಾಣಲೆಗೆ ಮೀನಿನ ಸಾಸೋ, ಸಿಂಪಿ ಸಾಸೋ ಒಂದು ಚಮಚ ಬಿದ್ದೇ ಬಿದ್ದಿರುತ್ತದೆ. ಎಸರು ಕೇಳಿ ಅಂದಿದ್ದು ಇದಕ್ಕೇ.

ಈಗ ವ್ರತಕ್ಕೆ ಬರುತ್ತೇನೆ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಮಾಂಸ, ಹಾಲು, ಬೆಣ್ಣೆ, ಮೊಟ್ಟೆ ಮುಟ್ಟುವುದಿಲ್ಲ. ಈಸ್ಟರಿಗೆ ಮುಂಚೆ 55 ದಿನ ಸಾಲಾಗಿ ಮುಟ್ಟುವುದಿಲ್ಲ. ಇನ್ನೂ ಬೇರೆ ವ್ರತಗಳಿವೆ. ಒಂದು ದೇಶದ ಅಡುಗೆಮನೆಗೆ ಇಷ್ಟು ಅಭ್ಯಾಸ ಇದ್ದರೆ ಕೈ ಪಳಗದೇ ಇರುತ್ತಾ? ಟೆಫ್ ಧಾನ್ಯದ ಹಿಟ್ಟು ಹುಳಿ ಬರಿಸಿ ಹುಯ್ದ ದೊಡ್ಡ ಇಂಜೆರಾ. ಅದರ ಮೇಲೆ ಕೆಂಪು ಬೇಳೆಯದೊಂದು ಗುಡ್ಡೆ, ಕಡಲೆ ಹಿಟ್ಟಿನ ಶಿರೋ, ಎಲೆಕೋಸು, ಬೀಟ್‌ರೂಟು, ಸೊಪ್ಪು. ಬೆಯಾಯ್ನೆತು ಅನ್ನುತ್ತಾರೆ. ಹೋಟೆಲಿಗೆ ಹೋಗಿ ವ್ರತದ ಊಟ ಅಂದರೆ ಮುಗಿಯಿತು. ಒಂದು ಹುಷಾರು: ಅದೇ ಶಿರೋಗೆ ವ್ರತ ಇಲ್ಲದ ದಿನ ಮಸಾಲೆ ಬೆಣ್ಣೆ ಹಾಕಿರಬಹುದು. ಇನ್ನೊಂದು ಹುಷಾರು: ಈಸ್ಟರ್ ಆದ ಮೇಲೆ ಐವತ್ತು ದಿನ ಬುಧವಾರಕ್ಕೂ ವ್ರತ ಇಲ್ಲ, ಶುಕ್ರವಾರಕ್ಕೂ ಇಲ್ಲ. ಟಿಕೆಟ್ ಬುಕ್ ಮಾಡುವಾಗ ಹವಾಮಾನ ನೋಡ್ತೀವಿ, ಡಿಸ್ಕೌಂಟ್ ನೋಡ್ತೀವಿ. ಹೋಗೋ ದೇಶದ ಪಂಚಾಂಗವನ್ನೂ ಒಂದು ಸಲ ನೋಡಿಬಿಡಿ.

ರೊಮೇನಿಯಾದಲ್ಲಿ ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ವ್ರತದ ಕಾಲ ಬಂದರೆ ಮೆನುವಿನಲ್ಲಿ 'ದೆ ಪೋಸ್ಟ್', ವ್ರತದ್ದು, ಅಂತ ಒಂದು ಭಾಗವೇ ಬರುತ್ತದೆ, ಸೂಪರ್‌ಮಾರ್ಕೆಟ್ಟಿನ ಬಿಸ್ಕತ್ತಿನ ಮೇಲೂ ಅದೇ ಮಾತು. ಜಾರ್ಜಿಯಾದಲ್ಲಿ ಮಣ್ಣಿನ ಗಡಿಗೆಯಲ್ಲಿ ಬೇಯಿಸಿದ ರಾಜ್ಮಾ ಕಾಳು, ಲೋಬಿಯೊ. ಬಸಳೆಯಂಥ ಸೊಪ್ಪು ಬೇಯಿಸಿ, ಹಿಂಡಿ, ಅಕ್ರೋಟು ಬೆಳ್ಳುಳ್ಳಿ ಜೊತೆ ಅರೆದು ಉಂಡೆ ಕಟ್ಟಿದ ಪ್ಖಾಲಿ. ಬದನೆಕಾಯಿಯ ಸುರುಳಿ, ಒಳಗೆ ಅದೇ ಅಕ್ರೋಟು. ಜಾರ್ಜಿಯಾದಲ್ಲಿ ಚೀಸ್ ಇಲ್ಲದೆ ಬದುಕೋಕೆ ಆಗಲ್ಲ ಅನ್ನುವವರು ಒಂದು ಸಲ ಇದನ್ನು ತಿಂದು ಆಮೇಲೆ ಮಾತಾಡಲಿ.

ಗ್ರೀಸಿನ ಕಥೆ ಹೇಳಲೇಬೇಕು. ಅಧ್ಯಕ್ಷರು ಆಗಲೇ ನಗ್ತಾ ಇದ್ದಾರೆ, ಅವರು ಇದನ್ನು ಮೊದಲೇ ಕೇಳಿದ್ದಾರೆ. ಕ್ರೀಟ್ ದ್ವೀಪದ ಬೆಟ್ಟದ ಮೇಲೊಂದು ಹಳ್ಳಿ. ಲೆಂಟ್ ಸಮಯ. ಹಳ್ಳಿಗೆ ಇರುವುದು ಒಂದೇ ಊಟದ ಮನೆ, ನಡೆಸುವವರು ಒಬ್ಬರು ಅಜ್ಜಿ. ಮೆನು ಅಂತ ಏನೂ ಇಲ್ಲ. ನಮ್ಮ ಜೊತೆ ಬಂದಿದ್ದ ಗೆಳೆಯ ಹೊಸದಾಗಿ ವೀಗನ್ ಆದವನು. ಹೊಸಬರ ಉತ್ಸಾಹ ನಿಮಗೆ ಗೊತ್ತಲ್ಲ. ಅವನು ಫೋನಿನಲ್ಲಿ ಗ್ರೀಕ್ ಭಾಷೆಯಲ್ಲಿ ಉದ್ದನೆಯ ಪಟ್ಟಿ ಬರೆಸಿಕೊಂಡು ಬಂದಿದ್ದ. ಏನೇನು ತಿನ್ನಲ್ಲ, ಯಾಕೆ ತಿನ್ನಲ್ಲ, ಭೂಮಿಗೆ ಏನಾಗ್ತಾ ಇದೆ, ಎಲ್ಲ ಇತ್ತು ಅದರಲ್ಲಿ. ಅಜ್ಜಿ ಕನ್ನಡಕ ಹುಡುಕಿ ತಂದು ಹಾಕಿಕೊಂಡರು, ಎರಡು ಸಾಲು ಓದಿದರು, ಫೋನ್ ವಾಪಸ್ ಕೊಟ್ಟರು. ನಾನು ಗೊತ್ತಿದ್ದ ಒಂದೇ ಮಾತು ಹೇಳಿದೆ: "ನಿಸ್ತೀಸಿಮೊ." ವ್ರತದ್ದು. ಅಜ್ಜಿ ಎರಡೂ ಕೈ ಎತ್ತಿ, ಅಷ್ಟೇನಾ ಅನ್ನೋ ಹಾಗೆ ನಕ್ಕು, ನಮ್ಮನ್ನೆಲ್ಲ ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದರು.

ಒಲೆ ಮೇಲೆ ಪಾತ್ರೆಗಳ ಸಾಲು. ಮೊದಲನೇ ಮುಚ್ಚಳ ತೆಗೆದರು. ಹೆಬ್ಬೆರಳಿನಷ್ಟು ದಪ್ಪದ ಬಿಳಿ ಅವರೆ, ಟೊಮ್ಯಾಟೊ ಜೊತೆ ಓವನ್ನಿನಲ್ಲಿ ಬೇಯಿಸಿದ್ದು, ಅಂಚಿನಲ್ಲಿ ಸ್ವಲ್ಪ ಸೀದಿತ್ತು. ಎರಡನೇ ಮುಚ್ಚಳ. ಎಣ್ಣೆಯಲ್ಲಿ ಮೆತ್ತಗೆ ಬೆಂದ ಬೀನ್ಸು. ಮೂರನೆಯದು ಬೆಟ್ಟದಿಂದ ಕಿತ್ತು ತಂದ ಸೊಪ್ಪು, ಪಕ್ಕದಲ್ಲಿ ಕೊಯ್ದಿಟ್ಟ ನಿಂಬೆ. ಗೆಳೆಯನ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ನಾಲ್ಕನೇ ಮುಚ್ಚಳ ತೆಗೆಯುವಾಗ ಅಜ್ಜಿಯ ಮುಖದಲ್ಲಿ ಬೇರೆಯೇ ಕಳೆ. ಇದು ನನ್ನ ಕೈಯ ವಿಶೇಷ ಅನ್ನೋ ಥರ. ತೆಗೆದರು. ಕೆಂಪು ರಸದಲ್ಲಿ ಪುಟ್ಟ ಮ್ಯಾಕರೋನಿ, ಅದರ ನಡುವೆ ಆಕ್ಟೋಪಸ್ಸಿನ ಕೈ!

ಗೆಳೆಯ ಎರಡು ಹೆಜ್ಜೆ ಹಿಂದೆ ಹೋದ. ಅಜ್ಜಿಗೆ ಅರ್ಥವೇ ಆಗಲಿಲ್ಲ. ಅವರ ಲೆಕ್ಕದಲ್ಲಿ ಅದು ಅಪ್ಪಟ ವ್ರತದ ಊಟ. ಗ್ರೀಕರ ಸಂಪ್ರದಾಯದಲ್ಲಿ ಬೆನ್ನೆಲುಬಿನ ಮೀನು ನಿಷಿದ್ಧ. ರಕ್ತವಿಲ್ಲ ಅಂತ ಎಣಿಸುವ ಸಿಗಡಿ, ಚಿಪ್ಪುಜೀವಿ, ಆಕ್ಟೋಪಸ್ ಆಗಬಹುದು. ಇನ್ನೂ ವಿಚಿತ್ರ ಅಂದರೆ ಮೀನಿನ ಮೊಟ್ಟೆ ಅರೆದು ಮಾಡುವ ತಾರಮೊಸಲಾತವನ್ನು ಲೆಂಟಿನ ಮೊದಲ ದಿನವೇ ತಿನ್ನುತ್ತಾರೆ. ಜೇನಿಗಂತೂ ತಡೆಯೇ ಇಲ್ಲ. ಹಾಗಂತ ನಾವು ಉಪವಾಸ ಬೀಳಲಿಲ್ಲ. ಉಳಿದ ಮೂರು ಪಾತ್ರೆಯದನ್ನು ಎರಡೆರಡು ಸಲ ಹಾಕಿಸಿಕೊಂಡು ತಿಂದೆವು. ಗೆಳೆಯ ಮಾತ್ರ ಪ್ರತಿ ತುತ್ತಿಗೂ ಮುಂಚೆ ಬಟ್ಟಲನ್ನು ಚಮಚದಲ್ಲಿ ಕೆದಕಿ ನೋಡುತ್ತಿದ್ದ.

ವ್ರತ ಮಾಡುವವರು ಪ್ರಾಣಿಗಾಗಿ ಮಾಡುವುದಿಲ್ಲ, ದೇವರಿಗಾಗಿ ಮಾಡುತ್ತಾರೆ. ಹಾಗಾಗಿ ಅವರ ಗೆರೆ ನಮ್ಮ ಗೆರೆ ಒಂದೇ ಕಡೆ ಬೀಳುವುದಿಲ್ಲ. ಸರ್ಬಿಯಾದಲ್ಲೂ ವ್ರತದ ಊಟದಲ್ಲಿ ಮೀನು ಬರುತ್ತದೆ. ಅದಕ್ಕೇ ವ್ರತದ್ದು ಅಂದಮೇಲೂ ಎಸರು ಕೇಳಿ. ನಮ್ಮಲ್ಲಿ ಕೆಲವರು "ಹಾಗಾದರೆ ಅದು ವೀಗನ್ ಅಲ್ಲವೇ ಅಲ್ಲ" ಅಂತ ಮೂಗು ಮುರಿಯುತ್ತಾರೆ. ಸ್ವಾಮಿ, ನಾಲ್ಕು ಪಾತ್ರೆಯಲ್ಲಿ ಮೂರು ನಿಮ್ಮದೇ. ಇನ್ನೇನು ಬೇಕು?

ಪೂರ್ವದ ಕಡೆ ಕೆಲಸ ಇನ್ನೂ ಸುಲಭ. ಥಾಯ್ಲೆಂಡಿನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದು 'ಜೇ' ಊಟ. ಮಾಂಸ, ಹಾಲು, ಮೊಟ್ಟೆ ಇರಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇರಲ್ಲ. ಅಕ್ಟೋಬರ್ ಆಸುಪಾಸಿನಲ್ಲಿ ಒಂಬತ್ತು ದಿನದ ಹಬ್ಬ ಬಂದಾಗ ಬೀದಿ ತುಂಬ ಆ ಬಾವುಟಗಳೇ. ವಿಯೆಟ್ನಾಮಿನಲ್ಲಿ 'ಚಾಯ್' ಬೋರ್ಡು ನೋಡಿ, ಟೀ ಅಲ್ಲ, ಸಸ್ಯಾಹಾರ ಅಂತ ಅರ್ಥ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಮಾಮೂಲಿ ಅಂಗಡಿಗಳಲ್ಲೂ ಸಿಗುತ್ತದೆ. ತೈವಾನಿನಲ್ಲಿ ಸಸ್ಯಾಹಾರದ ಪ್ಯಾಕೆಟ್ಟಿನ ಮೇಲೆ ಐದು ವಿಧದಲ್ಲಿ ಯಾವುದು ಅಂತ ಅಚ್ಚು ಹಾಕಲೇಬೇಕು. ಹಾಲಿನದು, ಮೊಟ್ಟೆಯದು, ಎರಡೂ ಇರುವುದು, ಈರುಳ್ಳಿ ಬೆಳ್ಳುಳ್ಳಿ ಇರುವುದು, ಯಾವುದೂ ಇಲ್ಲದ್ದು. ನನಗೆ ಕೇಳಿದರೆ ಹೊಸದಾಗಿ ವೀಗನ್ ಆದವರ ಮೊದಲ ಪ್ರವಾಸ ತೈವಾನಿಗೇ ಆಗಬೇಕು.

ಚೀಟಿ ಬಂತು. ಹತ್ತು ನಿಮಿಷ ಅಂತ ಇದೆಯೋ, ಎರಡು ನಿಮಿಷವೋ? ಎರಡು. ಸರಿ.

ಬಡವರ ಅಡುಗೆ ಬಗ್ಗೆ ಬೇಕಾದಷ್ಟು ಹೇಳೋದಿತ್ತು. ಸುಮ್ನೆ ಹೆಸರು ಹೇಳಿಬಿಡ್ತೀನಿ, ಬರೆದುಕೊಳ್ಳಿ. ಈಜಿಪ್ಟಿನ ಕಾಳು ಬೇಳೆಯ ತಿಂಡಿಗಳು: ಫೂಲ್, ತಾಮಿಯಾ, ಕೋಶರಿ. ಇಟಲಿಯ ಜಿನೋವಾ ಊರಿನ ಫರಿನಾತ: ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಬೇರೇನೂ ಇಲ್ಲ. ಇಟಲಿಯಲ್ಲಿ ಪಿಜ್ಜಾ ಮರಿನಾರಾಗೆ ಚೀಸೇ ಇಲ್ಲ. ಟರ್ಕಿಯಲ್ಲಿ ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಬಡಿಸುವ ತರಕಾರಿಗಳು.

ಯುರೋಪಿನ ಲೇಬಲ್ಲು. ಅಲ್ಲಿ 14 ಅಲರ್ಜಿ ಪದಾರ್ಥಗಳನ್ನು ಎದ್ದು ಕಾಣುವ ಹಾಗೆ ಅಚ್ಚು ಹಾಕಬೇಕು. ಹಾಲು, ಮೊಟ್ಟೆ, ಮೀನು ಅದರಲ್ಲಿ ಸೇರಿವೆ. ಹಾಗಾಗಿ ಭಾಷೆ ಬರದಿದ್ದರೂ ದಪ್ಪಕ್ಷರ ನೋಡಿದರೆ ಅರ್ಧ ಕೆಲಸ ಆಯಿತು. ಅರ್ಧ ಮಾತ್ರ. ಹಂದಿ ಕೊಬ್ಬು, ಜೆಲಾಟಿನ್, ಜೇನು ಆ ಪಟ್ಟಿಯಲ್ಲಿಲ್ಲ, ಅವು ದಪ್ಪಕ್ಷರದಲ್ಲಿ ಬರಬೇಕಿಲ್ಲ. ಇ120 ಅಂತ ಕಂಡರೆ ಅದು ಹುಳದಿಂದ ತೆಗೆದ ಕೆಂಪು ಬಣ್ಣ.

ಕೊನೆಯದು ವಿಮಾನ. ಟಿಕೆಟ್ ಜೊತೆ ಊಟ ಹೇಳುವಾಗ ವೀಗನ್ ಊಟದ ಕೋಡ್ ವಿಜಿಎಂಎಲ್ (VGML). ಎವಿಎಂಎಲ್ (AVML), ಅಂದರೆ ಏಷ್ಯಾದ ಸಸ್ಯಾಹಾರಿ ಊಟ, ಅದರಲ್ಲಿ ಹಾಲು, ಪನೀರು ಬರಬಹುದು. ಎಚ್‌ಎನ್‌ಎಂಎಲ್, ಅಂದರೆ ಹಿಂದೂ ಊಟ, ಅದರಲ್ಲಿ ಕೋಳಿ ಬರಬಹುದು, ಹುಡುಗಾಟ ಅಲ್ಲ. ಹೊರಡುವುದಕ್ಕೆ ಕನಿಷ್ಠ 24 ಗಂಟೆ ಮುಂಚೆ ಹೇಳಿರಬೇಕು, ಕೆಲವರು ಇನ್ನೂ ಮುಂಚೆ ಕೇಳುತ್ತಾರೆ. ವಿಮಾನ ತಪ್ಪಿಯೋ ರದ್ದಾಗಿಯೋ ಬೇರೆಯದಕ್ಕೆ ಹಾಕಿದರೆ ಊಟದ ಕೋರಿಕೆ ಹಳೇ ಟಿಕೆಟ್ಟಿನಲ್ಲೇ ಉಳಿದುಬಿಡುತ್ತದೆ ಅಂತಲೇ ತಿಳಿಯಿರಿ. ಕೌಂಟರಿನಲ್ಲಿ ಮತ್ತೆ ಹೇಳಿ, ಕೈಚೀಲದಲ್ಲಿ ಒಂದು ಹೊತ್ತಿಗಾಗುವಷ್ಟು ಇಟ್ಟುಕೊಂಡಿರಿ. ಇಳಿಯುವಾಗ ಹಣ್ಣು ಉಳಿಸಿಕೊಂಡು ಇಳಿಯಬೇಡಿ, ಆಸ್ಟ್ರೇಲಿಯಾ, ನ್ಯೂಜಿಲೆಂಡಿನಲ್ಲಿ ಅದನ್ನು ಅಧಿಕಾರಿಗಳಿಗೆ ತಿಳಿಸದೆ ಒಳಗೆ ತಂದರೆ ದಂಡ ಇದೆ.

ಜೇನು ವೀಗನ್ನಾ ಅಲ್ವಾ ಅಂತ ಕೇಳಬೇಕು ಅಂದುಕೊಂಡವರು ಊಟಕ್ಕೆ ಕೂತಾಗ ಹಿಡಿಯಿರಿ, ಇಲ್ಲಿ ಶುರು ಮಾಡಿದರೆ ಅಧ್ಯಕ್ಷರು ಮೈಕ್ ಆಫ್ ಮಾಡಿಸುತ್ತಾರೆ. ನಮಸ್ಕಾರ.