ರ‍್ಯಾಗ್‌ಟೈಮ್‌ನಲ್ಲಿ ಚಿಂದಿ ಆಗೋದು ಏನು?

ರ‍್ಯಾಗ್‌ಟೈಮ್‌ಗೂ ನಮ್ಮ ರಾಗಕ್ಕೂ ಸಂಬಂಧ ಇದೆಯಾ? ಇಲ್ಲ. ಇದು ಅಮೆರಿಕದ ಒಂದು ಸಂಗೀತ ಶೈಲಿ, ಹೆಸರಲ್ಲಿರೋದು ಚಿಂದಿಬಟ್ಟೆಯ ‘ರ‍್ಯಾಗ್’. ‘ರ‍್ಯಾಗೆಡ್ ಟೈಮ್’, ಅಂದ್ರೆ ಹರಿದ ಲಯ ಅನ್ನೋದರಿಂದ ಬಂತು ಅಂತ ಸಾಮಾನ್ಯವಾಗಿ ಹೇಳ್ತಾರೆ. ಚೆನ್ನಾಗಿ ನುಡಿಸಿದ್ರೆ ನಾವೂ ‘ಚಿಂದಿ ಉಡಾಯಿಸಿದ’ ಅಂತೀವಲ್ಲ, ಹೆಸರು ಪರವಾಗಿಲ್ಲ.

ಇತಿಹಾಸ ಓಡಿಸ್ಕೊಂಡು ಹೋಗ್ತೀನಿ: 1890ರ ದಶಕ, ಅಮೆರಿಕದ ಕಪ್ಪು ಸಂಗೀತಗಾರರು, ಮುಖ್ಯವಾಗಿ ಪಿಯಾನೊ. 1899ರಲ್ಲಿ ಸಂಯೋಜಕ ಸ್ಕಾಟ್ ಜಾಪ್ಲಿನ್‌ರ ‘ಮೇಪಲ್ ಲೀಫ್ ರ‍್ಯಾಗ್’ ಬಂತು. ಮಾರಾಟವಾದ ಸ್ವರಲಿಪಿಯ ಪ್ರತಿ ಕಾಪಿಗೆ ಅವರಿಗೆ ಒಂದು ಸೆಂಟ್.

ಹಾಗಾದ್ರೆ ಹರಿಯೋದು ಏನು? ತಾಳ ಅಂತೂ ಅಲ್ಲ!

(ಸ್ಕ್ರೀನ್ ಮೇಲೆ: 1 2 3 4 5 6 7 8)

2/4 ಅಂದ್ರೆ ಎರಡು ಬೀಟ್‌ನ ತಾಳ. ಅದರ ಒಂದು ಸುತ್ತು, ಅಂದ್ರೆ ಒಂದು ಬಾರ್‌ನಲ್ಲಿ ಎಂಟು ಪುಟ್ಟ ಎಣಿಕೆ. ಎಡಗೈ 1, 5ಕ್ಕೆ ಕೆಳಗೆ ಬೇಸ್, 3, 7ಕ್ಕೆ ಮೇಲೆ ಹಾರಿ ಕಾರ್ಡ್ (ಒಟ್ಟಿಗೆ ಒತ್ತೋ ಕೆಲವು ಸ್ವರ). ಧಂ-ಚಕ್, ಧಂ-ಚಕ್. ಮದುವೆ ಬ್ಯಾಂಡ್‌ನವರಷ್ಟೇ ಶಿಸ್ತು. ಈಗ ಬಲಗೈಯಲ್ಲಿ ಟೇಬಲ್ ತಟ್ಟಿ: ತಕಿಟ, ತಕಿಟ, ತಕ. ಮೂರು, ಮೂರು, ಎರಡು. ಪ್ರತಿ ‘ತ’ಕ್ಕೂ ಪೆಟ್ಟು ಕೊಡಿ. 1, 4, 7.

ಆ 4 ನೋಡಿ! ಎಡಗೈ ಸುಮ್ಮನಿರೋ ಜಾಗ. ಎರಡನೇ ಬೀಟ್ ಇರೋದು 5ರಲ್ಲಿ, ಆದ್ರೆ ಬಲಗೈ ಒಂದು ಎಣಿಕೆ ಮುಂಚೆನೇ ಬಂದು ಸ್ವರ ಹಿಡಿದು ಕೂತಿದೆ. 5 ಬಂದಾಗ ಧಂ ಮಾತ್ರ ಕೇಳುತ್ತೆ, ಬಲಗೈ ಕಡೆಯಿಂದ ಹೊಸ ಪೆಟ್ಟಿಲ್ಲ. ಹರಿಯೋದು ಬಲಗೈಯ ಈ ಲಯ. ಬಸ್ ಹೊರಡೋಕೆ ಮುಂಚೆ ಸೀಟಿಗೆ ಟವೆಲ್ ಹಾಕಿದ ಹಾಗೆ. ಮೃದಂಗ ಕಲಿತವರಿಗೆ ಇದು ನೀರು ಕುಡಿದಷ್ಟು ಸುಲಭ. ಮೂಲ ಬೇರೆ, ಲೆಕ್ಕ ಒಂದೇ. ಇದು ಒಂದು ನಮೂನೆ ಅಷ್ಟೇ, ಇಂಥವು ಇನ್ನೂ ಇವೆ.

ಕೆಡೋದು ಎಲ್ಲಿ? ಎಡಗೈ ಬಲಗೈ ಹಿಂದೆ ಓಡಿ 4ಕ್ಕೇ ಧಂ ಹೊಡೆದುಬಿಡುತ್ತೆ. ಆಗ ಹರಿಯೋಕೆ ಬಟ್ಟೆನೇ ಇರಲ್ಲ. ಜಾಝ್ ಅಭ್ಯಾಸ ಇರೋರು ಎಣಿಕೆಗಳನ್ನ ಉದ್ದ-ಗಿಡ್ಡ ಮಾಡಿ ತೂಗಿಸ್ತಾರೆ. ಬೇಡ, ಎಂಟೂ ಸಮ ಇರಲಿ. ಸ್ವರ ಎಳೆಯೋ ಪೆಡಲ್ ಒತ್ತಿಹಿಡಿದ್ರೆ ಬೇಸ್, ಕಾರ್ಡ್ ಎರಡೂ ಕಲಸಿ ಚಿತ್ರಾನ್ನ. ವೇಗವೂ ಬೇಡ: 1908ರ ಅಭ್ಯಾಸ ಪುಸ್ತಕ ‘ಸ್ಕೂಲ್ ಆಫ್ ರ‍್ಯಾಗ್‌ಟೈಮ್’ನಲ್ಲಿ ಜಾಪ್ಲಿನ್ನರೇ ಎಚ್ಚರಿಸಿದ್ದಾರೆ.

ಟೈಮ್ ಆಯ್ತು, ರಚನೆ ಒಂದೇ ಉಸಿರಲ್ಲಿ: 16 ಬಾರ್‌ಗಳ ನಾಲ್ಕು ಭಾಗ (ಎ, ಬಿ, ಸಿ, ಡಿ), ‘ಮೇಪಲ್ ಲೀಫ್’ನಲ್ಲಿ ಎಎ ಬಿಬಿ ಎ ಸಿಸಿ ಡಿಡಿ, ಸಿ ಭಾಗದಲ್ಲಿ ಶ್ರುತಿ ಎ-ಫ್ಲಾಟ್‌ನಿಂದ ಡಿ-ಫ್ಲಾಟ್‌ಗೆ ಹೋಗಿ ಡಿ ಭಾಗದಲ್ಲಿ ಎ-ಫ್ಲಾಟ್‌ಗೇ ವಾಪಸ್.

ಮೆಟ್ರೊನೋಮ್ (ಟಿಕ್ ಟಿಕ್ ಅಂತ ಲಯ ಹಿಡಿಯೋ ಯಂತ್ರ) ನಿಮಿಷಕ್ಕೆ 50ಕ್ಕೆ ಇಡಿ, ಟಿಕ್ ಬೀಳೋದು 1, 5ಕ್ಕೆ. ಮೊದಲು ಎಡಗೈ ಒಂದೇ. ತಕಿಟ ಸೇರಿಸಿದಾಗ ಧಂ ಜಾರಿದ್ರೆ ಬಲಗೈ ಎತ್ತಿಬಿಡಿ, ಎಡಗೈ ನಿಲ್ಲಿಸಬೇಡಿ.